ಮೊಮ್ಮಗಳಿಗೆ ನಾನು ಐರಿಶ್ ಹೆಸರಿಟ್ಟ ಪ್ರಸಂಗ

ಸೇತುವೆಗಳಿಗೆ ನಕ್ಷೆ ಹಾಕಿ ನಿವೃತ್ತನಾದವನಿಗೆ ಒಂದು ಕೂಸಿಗೆ ಹೆಸರು ಹುಡುಕುವುದು ಯಾವ ಲೆಕ್ಕ? ಮಗಳು ಚೈತ್ರಾ ಈ ಕೆಲಸ ಒಪ್ಪಿಸಿದಾಗ ನಾನು ಅಂದುಕೊಂಡದ್ದು ಇಷ್ಟೇ.

ಅಳಿಯ ಐರಿಶ್ ಮನೆತನದವನು. ಮೊಮ್ಮಗಳಿಗೆ ಒಂದು ಐರಿಶ್ ಹೆಸರು, ಒಂದು ಕನ್ನಡದ ಹೆಸರು ಎಂದು ತೀರ್ಮಾನವಾಗಿತ್ತು. ಆದರೆ ಗಂಡ ಹೆಂಡತಿ ಸೇರಿ ಒಂದು ಕಿತಾಪತಿ ಮಾಡಿದರು: ಐರಿಶ್ ಹೆಸರನ್ನು ನಾನು ಆರಿಸಬೇಕು, ಕನ್ನಡದ್ದನ್ನು ವಿಟ್ಬಿ ಎಂಬ ಊರಿನಲ್ಲಿರುವ ಬೀಗಿತ್ತಿ ಬ್ರಿಜೆಟ್ ಆರಿಸಬೇಕು. ನಾಮಕರಣದವರೆಗೆ ಎರಡೂ ಗುಟ್ಟು!

"ಪಾಪ, ಬ್ರಿಜೆಟ್‌ಗೆ ಕಷ್ಟ," ಎಂದು ಮರುಗಿದೆ.

"ನಿಮ್ಮ ಬಗ್ಗೆ ಮರುಗಿ," ಎಂದಳು ಹೆಂಡತಿ ವನಜಾ. "ಅಳಿಯನ್ನೇ ಸೀನಾ ಅಂತ ಕರೆದೋರು ನೀವು!"

ನಿಜ. ಅಳಿಯನ ಹೆಸರು ಶಾನ್. ಆದರೆ ಎಸ್, ಇ, ಎ, ಎನ್ ಎಂದು ಬರೆದಿದ್ದರೆ ಯಾರಾದರೂ ಏನೆಂದು ಓದಬೇಕು? ಮೊದಲ ಭೇಟಿಯಲ್ಲೇ "ಬಾಪ್ಪಾ ಸೀನಾ, ಕೂತ್ಕೋ" ಎಂದುಬಿಟ್ಟಿದ್ದೆ. ಅಷ್ಟಕ್ಕೇ ಪಾಠ ಕಲಿಯಬೇಕಿತ್ತು. ಕಲಿಯಲಿಲ್ಲ!

ಬೇಸ್‌ಮೆಂಟಿನಲ್ಲಿ ಕೂತು ಇಂಟರ್ನೆಟ್ ಜಾಲಾಡಿದೆ. ಒಂದು ಹೆಸರಿನ ತುಂಬ ಬರೀ ಸ್ವರಗಳು. ಇನ್ನೊಂದು 'ಸಾವೋ' ಎಂದು ಶುರುವಾಗುತ್ತಿತ್ತು. ಕೂಸಿಗೆ ಇಡುವ ಹೆಸರೇ ಅದು? ಕೊನೆಗೆ ಸಿಕ್ಕಿತು. ಎನ್, ಐ, ಎ, ಎಮ್, ಹೆಚ್. ಅರ್ಥ, ಕಾಂತಿ. ಓದಿದರೆ, ನಿಯಮ! ಕೊನೆಯ ಹೆಚ್ ಬರೀ ನಿಟ್ಟುಸಿರು ಎಂದು ನಾನೇ ತೀರ್ಪು ಕೊಟ್ಟೆ.

"ಉಚ್ಚಾರಣೆ ಕೇಳಿಸೋ ಬಟನ್ ಇರತ್ತೆ. ಒಂದ್ಸಲ ಒತ್ತಿ ನೋಡ್ರೀ," ಎಂದಳು ವನಜಾ.

"ಕನ್ನಡದವನಿಗೆ ಉಚ್ಚಾರಣೆ ಹೇಳಿಕೊಡೋದಾ? ನಮ್ದು ಬರೆದ ಹಾಗೆ ಓದೋ ಭಾಷೆ ಕಣೇ!"

ಮಾಲ್ಟನ್ನಿನಲ್ಲಿ ಹಿಂದಿಯವನೊಬ್ಬನ ಪ್ರಿಂಟಿಂಗ್ ಅಂಗಡಿಗೆ ಹೋಗಿ ನಾಮಕರಣಕ್ಕೆ ಬ್ಯಾನರ್ ಮಾಡಲು ಹೇಳಿದೆ. ಅಂಗಡಿಯವನು ನನ್ನ ಕನ್ನಡ ಬರಹವನ್ನು ತಿರುಗಿಸಿ ತಿರುಗಿಸಿ ನೋಡಿದ. "ಅಂಕಲ್‌ಜೀ, ಕ್ಯಾ ಲಿಖಾ ಹೈ?"

"ನಿಯಮ್!"

"ಅಚ್ಛಾ, ನಿಯಮ್! ಸಮಝ್ ಗಯಾ!"

ಅವನಿಗೆ ಏನು ಅರ್ಥವಾಯಿತೆಂದು ಗೊತ್ತಾದದ್ದು ನಾಮಕರಣದ ದಿನ, ಸ್ಟ್ರೀಟ್ಸ್‌ವಿಲ್‌ನ ಹಾಲಿನಲ್ಲಿ ಬ್ಯಾನರ್ ಬಿಚ್ಚಿದಾಗ. ಹಳದಿ ಬಣ್ಣ, ಕಪ್ಪು ಅಂಚು, ನಡುವೆ ದಪ್ಪ ಕೆಂಪು ಅಕ್ಷರದಲ್ಲಿ 'ನಿಯಮ!' ಪಕ್ಕದಲ್ಲಿ ಎಚ್ಚರಿಕೆಯ ತ್ರಿಕೋನ ಬೇರೆ!

ಐರಿಶ್ ನೆಂಟರಿಗೆ ಕನ್ನಡ ಓದಲು ಬಾರದು, ಬಚಾವಾದೆ. ನಮ್ಮವರು ಮಾತ್ರ ಬಾಗಿಲಲ್ಲೇ ಗಾಬರಿಯಾದರು. ಕೆಲವರು ಆ ಚಳಿಯಲ್ಲಿ ಬೂಟು ಕಳಚಿ ಹೊರಗೆ ಸಾಲಾಗಿ ಜೋಡಿಸಿದರು. ಗೆಳೆಯರಾದ ಡಾಕ್ಟರ್ ರಂಗಪ್ಪ ಕಿವಿಯಲ್ಲಿ ಕೇಳಿದರು: "ಏನ್ ಸಾರ್ ನಿಯಮ? ಫೋಟೋ ತೆಗೀಬಾರ್ದಾ?"

ನಾನು ಗಂಭೀರವಾಗಿ ಕೂಸಿನ ಕಿವಿಯಲ್ಲಿ ಹೆಸರು ಉಸುರಿದೆ. ಕೂಸು ಆಕಳಿಸಿತು. ಮೈಕ್ ಹಿಡಿದು ಘೋಷಿಸಿದೆ: "ನಿಯಮ!"

ಐರಿಶ್ ಕಡೆಯವರು ಜೋರಾಗಿ ಚಪ್ಪಾಳೆ ತಟ್ಟಿದರು. "ಎಷ್ಟು ಸೊಗಸಾದ ಕನ್ನಡ ಹೆಸರು! ಆದರೆ ಕನ್ನಡದ ಹೆಸರು ನಾನಲ್ಲವೇ ಹೇಳಬೇಕಿದ್ದದ್ದು?" ಎಂದು ಬ್ರಿಜೆಟ್ ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದರು.

"ಇದೇ ಐರಿಶ್ ಹೆಸರು!" ಎಂದೆ.

"ಸ್ಪೆಲ್ಲಿಂಗ್ ಪ್ಲೀಸ್, ಮಾವ," ಎಂದ ಶಾನ್.

ಹೇಳಿದೆ. ಅವನ ಮುಖ ಅರಳಿತು. ಕೈ ಚಾಚಿ ಕೂಗಿದ: "ಓ! ನೀವ್!"

"ಹೌದಪ್ಪಾ, ನಾನೇ ಆರಿಸಿದ್ದು."

"ನೋ ಮಾವ! ನೀವ್! ನೀವ್!"

"ನಾನೇ ಅಂತ ಒಪ್ಕೊಂಡ್ನಲ್ಲ! ಇನ್ನೆಷ್ಟು ಸಲ ಒಪ್ಕೋಬೇಕು?"

ಚೈತ್ರಾ ನಕ್ಕೂ ನಕ್ಕೂ ಕಣ್ಣೀರು ಒರೆಸಿಕೊಂಡಳು. "ಅಪ್ಪಾ, ಆ ಹೆಸರಿನ ಉಚ್ಚಾರಣೇನೇ 'ನೀವ್'! ಐರಿಶಲ್ಲಿ ಎಮ್ಮು, ಹೆಚ್ಚು ಸೇರಿದ್ರೆ 'ವ್' ಆಗತ್ತೆ!"

ಎಮ್ಮು, ಹೆಚ್ಚು ಸೇರಿ 'ವ್' ಆಗುವುದು ಯಾವ ಸೀಮೆಯ ನ್ಯಾಯ! ನನಗೆ ಬ್ಯಾನರಿನ ಹಿಂದೆ ಅವಿತುಕೊಳ್ಳೋಣ ಎನ್ನಿಸಿತು.

ಆಗ ಬ್ರಿಜೆಟ್ ಎದ್ದು ಬಂದು ನನ್ನ ತೋಳು ಹಿಡಿದರು. "ನನಗೆ ತುಂಬ ಇಷ್ಟದ ಹೆಸರು ಇದು. ನಮ್ಮ ಸ್ಪೆಲ್ಲಿಂಗು ನಮ್ಮವರನ್ನೇ ಗೋಳು ಹೊಯ್ದುಕೊಳ್ಳುತ್ತದೆ," ಎಂದು ಎಲ್ಲರಿಗೂ ಕೇಳುವಂತೆ ಇಂಗ್ಲಿಷಿನಲ್ಲಿ ಹೇಳಿ, ಮೈಕ್ ತೆಗೆದುಕೊಂಡರು. ಆಮೇಲೆ ಬಂದದ್ದು ಕನ್ನಡ!

"ಎಲ್ಲರಿಗೂ ನಮಸ್ಕಾರ. ಬೆಳಿಗ್ಗೆ ಹುಲ್ಲಿನ ಮೇಲೆ ಹೊಳೆಯುವ ಹನಿ. ನಮ್ಮ ಮಗು ಇಬ್ಬನಿ."

ಒತ್ತಕ್ಷರದ ಮೇಲೆ ಎಷ್ಟು ಒತ್ತು ಬೇಕೋ ಅಷ್ಟೇ! ನಮ್ಮ ಕಡೆಯ ಹುಡುಗರೇ "ವಾಟ್ ಈಸ್ ಇಬ್ಬನಿ?" ಎಂದು ಅಮ್ಮಂದಿರನ್ನು ಕೇಳುತ್ತಿದ್ದರು. ಆಮೇಲೆ ತಿಳಿಯಿತು: ಬ್ರಿಜೆಟ್ ತಮ್ಮ ಬೀದಿಯ ಕನ್ನಡದ ಅಜ್ಜಿಯೊಬ್ಬರ ಜೊತೆ ದಿನಾ ವಾಕಿಂಗ್ ಹೋಗಿ, ಹಿಮದಲ್ಲೂ ಬಿಡದೆ, ಆ ನಾಲ್ಕು ಮಾತು ಬಾಯಿಗೆ ಹತ್ತುವವರೆಗೆ ಹೇಳಿ ಹೇಳಿ ಕಲಿತಿದ್ದರಂತೆ. ಎಂಥ ಹೆಂಗಸು! ನಾನು ಅವರ ಭಾಷೆಗಾಗಿ ಒಂದು ಬಟನ್ ಒತ್ತಲಿಲ್ಲ. ಅವರು ನಮ್ಮ ಭಾಷೆಗಾಗಿ ಇಡೀ ಚಳಿಗಾಲ ನಡೆದಿದ್ದರು. ಬೀಗಿತ್ತಿಗೆ ಮನಸಾರೆ ಕೈ ಮುಗಿದೆ.

ಈಗ ನೀವ್ ಇಬ್ಬನಿ ಅಂಬೆಗಾಲಿಡುತ್ತಾಳೆ. ಮೊನ್ನೆ ನಾನು ಬೇಸ್‌ಮೆಂಟಿನಲ್ಲಿದ್ದಾಗ ಮೇಲಿನಿಂದ ವನಜಾಳ ದನಿ ತೇಲಿ ಬಂತು.

"ನೀವ್... ನನ್ ಬಂಗಾರ... ತುಪ್ಪ ಅನ್ನ ಕಲಸಿಟ್ಟಿದೀನಿ, ಬಾ ಚಿನ್ನಾ!"

ಮದುವೆಯಾದಾಗಿನಿಂದ ನನ್ನನ್ನು ಹೀಗೆ ಕರೆದವಳಲ್ಲ! ಮಂಡಿನೋವು ಮರೆತು ಮೆಟ್ಟಿಲು ಹತ್ತಿದೆ. "ಬಂದೆ ಕಣೇ, ಬಂದೆ!"

ವನಜಾ ತುತ್ತು ಹಿಡಿದ ಕೈ ಹಾಗೇ ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ನೀವಲ್ಲ ರೀ, ನೀವ್! ನಿಮಗೆ ಬೆಳಗಿನ ಉಪ್ಪಿಟ್ಟು ಮೈಕ್ರೋವೇವಲ್ಲಿದೆ. ಬಿಸಿ ಮಾಡ್ಕೊಳ್ಳಿ."