ಚಿಕ್ಕಕ್ಷರದ ಗಂಡ

ಥೆಲ್ಮಾ ಕಾದಂಬರಿ ಬರೆಯಲು ಕೂತಾಗಿನಿಂದ ಗಂಡ ನಾರಿಸ್‌ಗೆ ಅದರ ಒಂದು ಹಾಳೆಯನ್ನೂ ತೋರಿಸಿರಲಿಲ್ಲ. ಆ ಬೆಳಿಗ್ಗೆ ಅವಳು ಬ್ರೆಡ್ಡು ತರಲು ಹೋದಾಗ ಅಡುಗೆಮನೆಯ ಮೇಜಿನ ಮೇಲೆ ಟೈಪಾದ ಹಾಳೆಯೊಂದು ಅನಾಥವಾಗಿ ಬಿದ್ದಿತ್ತು. ನಾರಿಸ್ ಓದಿದ. 'ಗೇಟಿನ ಬಳಿ ಡಾಕ್ಟರ್ ಕಾಯುತ್ತಿದ್ದ. ಅವನ ಬಿಸಿಯುಸಿರು ನನ್ನ ಕುತ್ತಿಗೆಗೆ ತಾಕಿತು. ಒಳಗೆ ಗಂಡ ಗೊರಕೆ ಹೊಡೆಯುತ್ತಿದ್ದ.'

ಉಸಿರಿಗಿಂತ ಹೆಚ್ಚು ಚುಚ್ಚಿದ್ದು ಇಂಗ್ಲಿಷಿನ ಅಕ್ಷರ. ಡಾಕ್ಟರ್ ಎಂದಲ್ಲೆಲ್ಲ ಮೊದಲಕ್ಷರ ಟೋಪಿ ಹಾಕಿದ ಪೊಲೀಸನಂತೆ ದೊಡ್ಡದಾಗಿ, ಕ್ಯಾಪಿಟಲ್ಲಿನಲ್ಲಿ ನಿಂತಿತ್ತು. ಗಂಡ ಮಾತ್ರ ಪೂರ್ತಿ ಚಿಕ್ಕಕ್ಷರ. ಯಾರ್ಕ್‌ಶೈರಿನ ಆ ಪುಟ್ಟ ಊರಿಗೆ ಇದ್ದದ್ದು ಒಬ್ಬರೇ ಡಾಕ್ಟರು, ಹೆಂಡತಿ ತೀರಿಕೊಂಡಿದ್ದ ಲೊಮ್ಯಾಕ್ಸ್. ನಾರಿಸ್ ಹಾಳೆಯನ್ನು ಅಲ್ಲೇ ಬಿಟ್ಟು ಹಿತ್ತಲಿಗೆ ನಡೆದ.

ಬೇಲಿಯಾಚೆ ಗುಲಾಬಿ ಕತ್ತರಿಸುತ್ತಿದ್ದ ಮಿಸೆಸ್ ಪಾರ್ಜಿಟರ್ ಶಾಲೆಯಲ್ಲಿ ವ್ಯಾಕರಣ ಕಲಿಸಿ ನಿವೃತ್ತರಾದವರು. ಡಾಕ್ಟರಿಗೆ ದೊಡ್ಡಕ್ಷರ, ಗಂಡನಿಗೆ ಚಿಕ್ಕಕ್ಷರ ಯಾಕೆ ಎಂದು, ಯಾರೋ ಸ್ನೇಹಿತನ ಮನೆಯ ಸಂಗತಿ ಎಂಬಂತೆ ಅವರನ್ನು ಕೇಳಿದ.

"ಬರೀ ಕೆಲಸ, ಸಂಬಂಧ ಹೇಳೋವಾಗ ಚಿಕ್ಕಕ್ಷರ ಕಣಪ್ಪ. ಅದನ್ನೇ ಹೆಸರಿನ ಜಾಗದಲ್ಲಿ ಕರೆದ್ರೆ ದೊಡ್ಡಕ್ಷರ. ಅಂದ್ಮೇಲೆ ಥೆಲ್ಮಾಗೆ ಅವರು ಬರೀ ಡಾಕ್ಟರಲ್ಲ." ಮಿಸೆಸ್ ಪಾರ್ಜಿಟರ್ ಕತ್ತರಿ ಕೆಳಗಿಟ್ಟರು. "ನಾನಂತೂ ಯಾರಿಗೂ ಹೇಳಲ್ಲ."

ಥೆಲ್ಮಾಳ ಹೆಸರನ್ನು ಅವನು ಎತ್ತಿರಲೇ ಇಲ್ಲ.

ನಾರಿಸ್ ದವಾಖಾನೆ ಮುಟ್ಟುವಷ್ಟರಲ್ಲಿ ಸುದ್ದಿ ಅವನಿಗಿಂತ ಮುಂಚೆ ಬಂದು ಕುರ್ಚಿ ಹಿಡಿದು ಕೂತಿತ್ತು. ಕೆಮ್ಮುತ್ತಿದ್ದವರೂ ಕೆಮ್ಮು ನಿಲ್ಲಿಸಿ ಅವನನ್ನೇ ನೋಡಿದರು. ಸರತಿ ಮುರಿದು ಒಳನುಗ್ಗಿದ.

"ನನ್ನ ಹೆಂಡತಿ ಕುತ್ತಿಗೆ ಹತ್ರ ನಿಮ್ಮ ಉಸಿರಿಗೇನ್ರೀ ಕೆಲಸ?"

ಎಪ್ಪತ್ತು ದಾಟಿದ ಲೊಮ್ಯಾಕ್ಸ್ ಅವನನ್ನು ಮೆಲ್ಲಗೆ ಕೂರಿಸಿ ತೋಳಿಗೆ ಪಟ್ಟಿ ಸುತ್ತಿದರು. ರಕ್ತದೊತ್ತಡ ನೋಡಿ ಹುಬ್ಬೇರಿಸಿದರು. ಉಪ್ಪು, ಬೇಕನ್, ಸಂಜೆಯ ಬಿಯರ್ ಎಲ್ಲಕ್ಕೂ ಕಲ್ಲು ಹಾಕಿ ಮನೆಗೆ ಕಳಿಸಿದರು.

ಬಾಗಿಲಲ್ಲಿ ಥೆಲ್ಮಾ ಕೈಕಟ್ಟಿ ನಿಂತಿದ್ದಳು.

"ಅದು ಕತ್ತೆ," ಎಂದಳು.

ನಾರಿಸ್ ತನ್ನನ್ನೇ ಬೈದದ್ದೆಂದುಕೊಂಡು ತಲೆತಗ್ಗಿಸಿದ.

"ನಿನ್ನನ್ನಲ್ಲ. ನನ್ನ ಕತೆಯಲ್ಲಿರೋ ಕತ್ತೆ. ಅದರ ಹೆಸರು ಡಾಕ್ಟರ್. ಹೆಸರು ಅಂದ್ಮೇಲೆ ದೊಡ್ಡಕ್ಷರ ಇರಲ್ವಾ?"

ನಾರಿಸ್‌ಗೆ ಜೀವ ಬಂದಂತಾಯಿತು. ಕ್ಷಮೆ ಕೇಳಿದ, ಪಾತ್ರೆ ತೊಳೆಯುತ್ತೇನೆಂದ. ಥೆಲ್ಮಾ ಕರಗಲಿಲ್ಲ. ಲೊಮ್ಯಾಕ್ಸ್ ಫೋನು ಮಾಡಿ ಕತ್ತೆಯ ವಿಷಯ ತಿಳಿದುಕೊಂಡಿದ್ದರಂತೆ. ಊರಲ್ಲಿ ತಲೆಯೆತ್ತಿ ತಿರುಗಬೇಕು, ದಯವಿಟ್ಟು ಆ ಕತ್ತೆಗೆ ಬೇರೆ ಹೆಸರಿಡಮ್ಮ ಎಂದು ಬೇಡಿಕೊಂಡರಂತೆ.

"ಇಟ್ಟೆಯಾ?"

"ಆಗ್ಲೇ ಇಟ್ಟಾಯ್ತು. ಪ್ರಕಾಶಕರಿಗೂ ಕಳಿಸಿಯಾಯ್ತು."

ಅವಳು ಹೊಸ ಹಾಳೆಯನ್ನು ಅವನ ಕೈಗಿತ್ತಳು. ಅದರಲ್ಲಿ ಗೇಟಿನ ಬಳಿ ನಾರಿಸ್ ಕಿವಿ ನಿಮಿರಿಸಿಕೊಂಡು, ಬಾಲ ಬೀಸುತ್ತ ಕ್ಯಾರೆಟ್ ತಿನ್ನುತ್ತಿದ್ದ.