ಭಾವನ ಟ್ರಕ್ಕು ಮತ್ತು ನೂರಹತ್ತು ಮುಡಿ ಅಕ್ಕಿ

ನಮ್ಮ ಭಾವನ ಟ್ರಕ್ಕು ಒಂದೇ ಸಲಕ್ಕೆ ನೂರಹತ್ತು ಮುಡಿ ಅಕ್ಕಿ ಎಳೆಯಬಲ್ಲದು. ಇದುವರೆಗೆ ಎಳೆದದ್ದೆಷ್ಟು ಎಂದು ಮಾತ್ರ ಕೇಳಬೇಡಿ. ಅಕ್ಕನ ಮನೆಯಲ್ಲಿ ಆ ಪ್ರಶ್ನೆ ಕೇಳಿದವರಿಗೆ ಎರಡನೆಯ ಲೋಟ ಚಹಾ ಸಿಕ್ಕಿದ ಉದಾಹರಣೆ ಇಲ್ಲ!

ಭಾವ ಎಂದರೆ ನನ್ನ ಅಕ್ಕನ ಗಂಡ. ಉಡುಪಿ ಕಡೆಯವರು. ಕಡಲಾಚೆಯ ಈ ಹಿಮದ ದೇಶಕ್ಕೆ ಬಂದು, ಸ್ಕಾರ್‌ಬರೋದಲ್ಲಿ ಮನೆ ಮಾಡಿ ಇಪ್ಪತ್ತು ವರ್ಷ ದಾಟಿತು. ಅವರ ಉದ್ಯೋಗ ಥಾರ್ನ್‌ಹಿಲ್ಲಿನ ಒಂದು ಲ್ಯಾಬಿನಲ್ಲಿ ಹಲ್ಲಿನ ಸೆಟ್ಟು ಮಾಡುವುದು. ದಿನವಿಡೀ ಕಣ್ಣಿಗೆ ಭೂತಕನ್ನಡಿ ಸಿಕ್ಕಿಸಿಕೊಂಡು, ಜೋಳದ ಕಾಳಿನಷ್ಟು ಹಲ್ಲನ್ನು ಉಜ್ಜಿ ಉಜ್ಜಿ ನಯ ಮಾಡುವ ಈ ಮನುಷ್ಯ ಸಂಜೆ ಹೊರಗೆ ಬಂದು ಏರಿ ಕೂರುವುದು ಯಾವುದರಲ್ಲಿ ಗೊತ್ತೇ? ಎರಡು ಕಾರು ನಿಲ್ಲುವ ಜಾಗವನ್ನು ತಾನೊಂದೇ ನುಂಗುವ ಪಿಕಪ್ ಟ್ರಕ್ಕಿನಲ್ಲಿ! ಅದರ ಹಿಂದಿನ ತೆರೆದ ತೊಟ್ಟಿಯಲ್ಲಿ ಒಂದು ಮದುವೆಯ ಅಡುಗೆ ಮಾಡಬಹುದು. ಸಾಮಾನ್ಯವಾಗಿ ಅದರಲ್ಲಿ ಏನೂ ಇರುವುದಿಲ್ಲ. ಸಾಮಾನೆಲ್ಲ ಮುಂದಿನ ಸೀಟಿನ ಮೇಲಿರುತ್ತದೆ: ಒಂದು ಪುಟ್ಟ ಡಬ್ಬಿ, ಡಬ್ಬಿಯೊಳಗೆ ಮೂವತ್ತೆರಡು ಹಲ್ಲು.

ಟ್ರಕ್ಕು ಯಾವ ಕಂಪೆನಿಯದ್ದು ಎಂದು ನಾನು ಹೇಳುವುದಿಲ್ಲ. ಹೇಳಿದರೆ ಇನ್ನೊಂದು ಕಂಪೆನಿಯ ಟ್ರಕ್ಕಿನವರು ಜಗಳಕ್ಕೆ ಬರುತ್ತಾರೆ. ಈ ಊರಿನಲ್ಲಿ ದೇವರ ಬಗ್ಗೆ ಬೇಕಾದರೆ ಮಾತನಾಡಬಹುದು, ಟ್ರಕ್ಕಿನ ಬಗ್ಗೆ ಹುಷಾರಾಗಿರಬೇಕು.

ಮುಡಿಯ ಲೆಕ್ಕ ಭಾವನದ್ದೇ. ಟ್ರಕ್ಕು ಹತ್ತು ಸಾವಿರ ಪೌಂಡು ಎಳೆಯುತ್ತದೆ ಎಂದು ಪುಸ್ತಕದಲ್ಲಿ ಬರೆದಿತ್ತಂತೆ. ಪೌಂಡು ನಮ್ಮವರ ತಲೆಗೆ ಹೋಗುತ್ತದೆಯೇ? ಊರಿನಲ್ಲಿ ಬೈಹುಲ್ಲು ಸುತ್ತಿ ಕಟ್ಟುತ್ತಿದ್ದ ಅಕ್ಕಿಮುಡಿ ಒಂದಕ್ಕೆ ನಲವತ್ತು ಕಿಲೋ ಚಿಲ್ಲರೆ ಎಂದು ಹಿಡಿದು, ಭಾಗಿಸಿ, ನೂರಹತ್ತು ಎಂದು ತೀರ್ಪು ಕೊಟ್ಟರು. ಅಂದಿನಿಂದ ಅವರಿಗೆ ಲೋಕದ ಸಕಲ ವಸ್ತುಗಳೂ ಭಾರಗಳಾದವು. ಒಂದು ಮಗುವಿನ ನಾಮಕರಣಕ್ಕೆ ಹೋಗಿದ್ದೆವು. ಬಾಣಂತಿಯ ತಾಯಿ ಸಂತೋಷದಿಂದ, "ಹುಟ್ಟುವಾಗ ಏಳೂವರೆ ಪೌಂಡು ಇತ್ತು" ಎಂದರು. ಭಾವ ತೊಟ್ಟಿಲಿಗೆ ಬಗ್ಗಿ, ಮಗುವನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ಏಳೂವರೆಯಾ? ಹಿಂದೆ ಕಟ್ಟಿದ್ದು ಗೊತ್ತೂ ಆಗುವುದಿಲ್ಲ" ಎಂದುಬಿಟ್ಟರು!

ಟ್ರಕ್ಕಿನ ಹಿಂಭಾಗದಲ್ಲಿ ಟ್ರೇಲರ್ ಸಿಕ್ಕಿಸಲು ಒಂದು ಉಕ್ಕಿನ ಗುಂಡು ಇರುತ್ತದೆ. ಅದಕ್ಕೆ ತುಕ್ಕು ಹಿಡಿಯದ ಹಾಗೆ ಇಲ್ಲಿನವರು ಪ್ಲಾಸ್ಟಿಕ್ಕಿನ ಟೊಪ್ಪಿ ಹಾಕುತ್ತಾರೆ. ಭಾವ ಹಾಕಿದ್ದು ತೆಂಗಿನ ಚಿಪ್ಪು, ನಮ್ಮ ಗೆರಟೆ. ಅದನ್ನೂ ಹಲ್ಲು ಉಜ್ಜುವ ಮಿಶಿನಿನಲ್ಲಿ ಉಜ್ಜಿ, ಕನ್ನಡಿಯಂತೆ ಹೊಳೆಯಿಸಿದ್ದರು. ಎದುರು ಮನೆಯ ಬಿಳಿ ಅಜ್ಜಿ ಒಂದು ದಿನ ಮೆತ್ತಗೆ, "ಇದು ನಿಮ್ಮ ಧರ್ಮಕ್ಕೆ ಸಂಬಂಧಿಸಿದ್ದೇ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಭಾವ ಗಂಭೀರವಾಗಿ "ಯೆಸ್" ಎಂದರು. ಆಮೇಲೆ ಆ ಅಜ್ಜಿ ನಾಯಿಯನ್ನು ಟ್ರಕ್ಕಿನ ಹತ್ತಿರ ಮೂತ್ರಕ್ಕೆ ಬಿಟ್ಟದ್ದನ್ನು ಯಾರೂ ಕಂಡಿಲ್ಲ.

ಪಕ್ಕದ ಮನೆಯ ಪಂಜಾಬಿ ಸರದಾರನನ್ನು ಎಲ್ಲರೂ ಪಾಜಿ, ಅಂದರೆ ಅಣ್ಣ, ಎನ್ನುತ್ತಾರೆ; ಅವನದ್ದು ಇನ್ನೊಂದು ಕಂಪೆನಿಯ ಟ್ರಕ್ಕು. ಪಾಜಿಗೆ ಹುಲ್ಲು ಕತ್ತರಿಸುವ ಗುತ್ತಿಗೆ. ಟ್ರೇಲರಿನಲ್ಲಿ ಮಿಶಿನು ಹೇರಿಕೊಂಡು ದಿನಾ ಬೆಳಿಗ್ಗೆ ಎಳೆದುಕೊಂಡು ಹೋಗುತ್ತಾನೆ. ಬೇಲಿಯ ಆಚೆ ಈಚೆ ಇಬ್ಬರ ವಾದ ಕೇಳಬೇಕು.

"ನಿನ್ನ ಟ್ರಕ್ಕು ಎರಡು ಸಲ ಗ್ಯಾರೇಜಿಗೆ ಹೋಯ್ತಲ್ಲ ಪಾಜಿ. ನನ್ನದು ನೋಡು, ಒಂದು ಸ್ಕ್ರೂ ಅಲುಗಿಲ್ಲ!"

"ಅಲುಗುವುದು ಹೇಗೆ ಭಾಯಿಸಾಬ್? ನನ್ನದು ಮದುವೆಯಾದದ್ದು, ಸಂಸಾರ ಎಳೆಯುತ್ತದೆ. ನಿನ್ನದು ಬ್ರಹ್ಮಚಾರಿ!"

ಇಬ್ಬರೂ ಹಿಂದಿಯಲ್ಲಿ ಆಡಿದ್ದನ್ನು ನಾನು ಕನ್ನಡದಲ್ಲಿ ಬರೆದಿದ್ದೇನೆ. ಭಾವನ ಹಿಂದಿ ಹಾಗೆಯೇ ಬರೆದರೆ ಅದೂ ಇನ್ನೊಂದು ಪ್ರಬಂಧವಾದೀತು.

ಹಲ್ಲಿದ್ದವನಿಗೆ ಕಡಲೆಯಿಲ್ಲ ಎಂಬ ಗಾದೆ ಕೊನೆಗೆ ಹಲ್ಲು ಮಾಡುವವರ ಮನೆಯಲ್ಲಿಯೇ ನಿಜವಾಯಿತು ನೋಡಿ!

ಅಂತರ್ಜಾಲದಲ್ಲಿ ಟ್ರಕ್ಕಿನ ಮಾಲೀಕರು ತಮ್ಮ ತಮ್ಮ ಅಭಿಪ್ರಾಯ ಬರೆಯುವ ಒಂದು ತಾಣವಿದೆ. ಭಾವನಿಗೆ ಅದೇ ನಿತ್ಯಪಾರಾಯಣ. ಯಾವನೋ ಎರಡು ಕುದುರೆ ಎಳೆದ, ಇನ್ಯಾವನೋ ದೋಣಿ ಎಳೆದು ಬೆಟ್ಟ ಹತ್ತಿಸಿದ, ಮತ್ತೊಬ್ಬನಿಗೆ ಇಳಿಜಾರಿನಲ್ಲಿ ಬ್ರೇಕು ಬಿಸಿಯಾಯಿತು; ಎಲ್ಲವೂ ಭಾವನಿಗೆ ಬಾಯಿಪಾಠ. ಕೇಳುವವರಿಗೆ ಆ ಕುದುರೆಗಳನ್ನು ಭಾವನೇ ಎಳೆದ ಹಾಗೆ ಕಾಣಬೇಕು. ಆದರೆ ತಾವು ಸ್ವತಃ ಬರೆದ ಅಭಿಪ್ರಾಯದಲ್ಲಿ ಮಾತ್ರ ಒಂದು ಜಾಗ ಖಾಲಿ. ಬಾಳಿಕೆ ಎಂಬಲ್ಲಿ ಐದು ನಕ್ಷತ್ರ. ಆರಾಮ ಎಂಬಲ್ಲಿ ನಾಲ್ಕು, ಯಾಕೆಂದರೆ ಅಕ್ಕನಿಗೆ ಹತ್ತಲು ಸ್ಟೂಲು ಬೇಕು. ಎಳೆಯುವ ಶಕ್ತಿ ಎಂಬಲ್ಲಿ ಏನೂ ಇಲ್ಲ.

"ಐದು ಒತ್ತಿಬಿಡಿ ಭಾವ, ಯಾರಿಗೆ ಗೊತ್ತಾಗ್ತದೆ?" ಎಂದೆ ಒಮ್ಮೆ.

ಅವರಿಗೆ ಸಿಟ್ಟೇ ಬಂತು. "ಬಾಯಲ್ಲಿ ಹೇಳುವುದು ಬೇರೆ, ಬರೆದು ಕೊಡುವುದು ಬೇರೆ ಮಾರಾಯ. ಎಳೆಯದೆ ನಕ್ಷತ್ರ ಕೊಟ್ಟರೆ ಸುಳ್ಳುಸಾಕ್ಷಿ ಆಗುವುದಿಲ್ವಾ? ಯಾವನೋ ಪಾಪ ಅದನ್ನು ನಂಬಿ ಟ್ರಕ್ಕು ತೆಗೊಳ್ತಾನೆ."

ಏಳು ವರ್ಷ ಆ ಜಾಗ ಖಾಲಿಯೇ ಇತ್ತು. ಆ ಖಾಲಿ ಜಾಗ ಭಾವನನ್ನು ಎಷ್ಟು ಕೊರೆಯುತ್ತಿತ್ತು ಎಂಬುದು ಮನೆಯವರಿಗೆಲ್ಲ ಗೊತ್ತಿತ್ತು. ಅದನ್ನು ತುಂಬಿಸಬಹುದಾಗಿದ್ದವನು ನಮ್ಮಲ್ಲಿ ಒಬ್ಬನೇ. ಅವನು ನಾನು.

ನಾನು ಟೈಲ್ಸ್ ಕೂರಿಸುವವನು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ಮುಂಬಯಿಯಲ್ಲಿ ಕೆಲಸ ಕಲಿತು, ಅಕ್ಕನ ಹಿಂದೆ ಇಲ್ಲಿಗೆ ಬಂದೆ. ಮೊದಲ ಎರಡು ವರ್ಷ ಅವರ ಬೇಸ್‌ಮೆಂಟಿನಲ್ಲೇ ಇದ್ದೆ. ಅಲ್ಲಿಂದ ಹೊರಡುವ ದಿನ, ಇನ್ನು ಯಾರ ಹತ್ತಿರವೂ ಏನೂ ಕೇಳುವುದಿಲ್ಲ ಎಂದು ಮನಸ್ಸಿನಲ್ಲೇ ನಿಶ್ಚಯ ಮಾಡಿದ್ದೆ. ಹಳೆಯ ವ್ಯಾನು ಕೊಂಡು ಸ್ವಂತ ಕೆಲಸ ಶುರು ಮಾಡಿದೆ. ಭಾವ ಟ್ರಕ್ಕು ಕೊಂಡದ್ದೂ ಅದೇ ವರ್ಷ.

ನನಗೆ ಭಾರಕ್ಕೇನು ಬರವೇ? ಟೈಲ್ಸ್, ಸಿಮೆಂಟು, ಕಲ್ಲು ಕೊಯ್ಯುವ ಮಿಶಿನು. ಭಾವ ವಾರಕ್ಕೊಮ್ಮೆ ಫೋನು ಮಾಡುವರು. "ಎಂತ, ಲೋಡು ಉಂಟಾ? ಒಂದು ಟ್ರೇಲರು ಬಾಡಿಗೆಗೆ ತರುವಾ?" ನಾನು, "ಬೇಡ ಭಾವ, ನಾನು ನೋಡಿಕೊಳ್ತೇನೆ" ಎನ್ನುವೆ. ನೋಡಿಕೊಳ್ಳುವುದೆಂದರೆ ಒಂದು ಸಲಕ್ಕೆ ಆಗುವ ಸಾಗಾಟವನ್ನು ವ್ಯಾನಿನಲ್ಲಿ ಮೂರು ಸಲ ಮಾಡುವುದು! ಅಕ್ಕನಿಗೆ ಇದು ಕೇಳಿ ಕೇಳಿ ಸಾಕಾಗಿತ್ತು. "ಇವ ಸತ್ತ ದಿನ ಹೆಗಲು ಕೊಡಲಿಕ್ಕೆ ಬಂದವರಿಗೂ ಬೇಡ, ನಾನೇ ನಡೀತೇನೆ ಅಂತಾನೆ" ಎಂದಿದ್ದಳು.

ಹಾಗಿರುವಾಗ ಟ್ರಕ್ಕಿಗೆ ತುಕ್ಕು ಬಂತು. ಇಲ್ಲಿ ಚಳಿಗಾಲ ಪೂರ್ತಿ ರಸ್ತೆಗೆ ಉಪ್ಪು ಸುರಿಯುತ್ತಾರಲ್ಲ, ಒಣಮೀನಿಗೆ ಹಾಕಿದ ಹಾಗೆ! ಭಾವ ಪ್ರತಿ ದೀಪಾವಳಿಯ ವಾರ ಗಾಡಿಯ ಅಡಿಗೆ ಎಣ್ಣೆ ಹೊಡೆಸುತ್ತಿದ್ದರು. ಮನೆಯಲ್ಲಿ ನಮಗೆ ಎಣ್ಣೆಸ್ನಾನ ತಪ್ಪಿದರೂ ಟ್ರಕ್ಕಿಗೆ ತಪ್ಪುತ್ತಿರಲಿಲ್ಲ. ಆದರೂ ಕಳೆದ ದೀಪಾವಳಿಗೆ ಗ್ಯಾರೇಜಿನ ತಮಿಳು ಅಣ್ಣ ಅಡಿಯಲ್ಲಿ ಟಾರ್ಚು ಬಿಟ್ಟು ನೋಡಿ ತಲೆಯಾಡಿಸಿದನಂತೆ. ಗಾಡಿಯ ಬೆನ್ನೆಲುಬಾದ ಚಾಸಿ ತುಕ್ಕಿಗೆ ತಿಂದುಹೋಗುತ್ತಿದೆ, ಈ ಚಳಿಗಾಲ ಓಡಿಸಿ, ಬೇಸಗೆಗೆ ಗುಜರಿಗೆ ಕೊಡಿ ಎಂದನಂತೆ.

ಭಾವ ಆ ದಿನ ಬಾಳಿಕೆಯ ನಕ್ಷತ್ರವನ್ನು ಐದರಿಂದ ಮೂರಕ್ಕೆ ಇಳಿಸಿದರು. ಪ್ರಾಮಾಣಿಕತೆ ಎಂದರೆ ಹಾಗಿರಬೇಕು! ಆಮೇಲೆ ಫೋನು ಮಾಡಿ, "ಲೋಡು ಎಂತಾದರೂ..." ಎಂದು ಅರ್ಧಕ್ಕೆ ನಿಲ್ಲಿಸಿದರು. ನಾನು ಎಂದಿನಂತೆ ಬೇಡ ಎಂದೆ. ಹೇಳಿದ ಮೇಲೆ ವಾಪಸ್ಸು ಫೋನು ಮಾಡೋಣವೇ ಎನಿಸಿತು, ನಿಜ. ಆದರೂ ಹೇಳಿದ್ದು ಹೇಳಿದ್ದೇ.

ಫೆಬ್ರವರಿಯ ಒಂದು ಬೆಳಿಗ್ಗೆ ಅರೋರಾ ಎಂಬ ಊರಿನಲ್ಲಿ ಒಂದು ಅಡುಗೆಮನೆಯ ಕೆಲಸಕ್ಕೆ ಹೊರಟಿದ್ದೆ. ಒಳರಸ್ತೆಯ ತಿರುವಿನಲ್ಲಿ ವ್ಯಾನು ಸುಮ್ಮನೆ, ಒಂದು ಮಾತೂ ಹೇಳದೆ, ಹಿಮದಲ್ಲಿ ಜಾರಿ ಪಕ್ಕದ ಚರಂಡಿಗೆ ಇಳಿದು ಕುಳಿತಿತು. ಒಳಗೆ ನಲವತ್ತು ಪೆಟ್ಟಿಗೆ ಟೈಲ್ಸ್. ಗಾಡಿ ಎಳೆಯುವ ಕಂಪೆನಿಗೆ ಫೋನು ಮಾಡಿದರೆ, ಇಂದು ಎಲ್ಲರೂ ಚರಂಡಿಯಲ್ಲೇ ಇದ್ದಾರೆ, ನಾಲ್ಕು ಗಂಟೆ ಕಾಯಬೇಕು ಎಂದರು. ನಾನು ಕಾಯುವ ಜಾತಿಯೇ? ಸಲಿಕೆ ಹಿಡಿದು ಒಂದು ಗಂಟೆ ಹಿಮ ತೋಡಿದೆ. ಚಕ್ರಕ್ಕೆ ಹಿಡಿತ ಸಿಗಲೆಂದು ಟೈಲ್ಸ್ ಅಂಟಿಸುವ ಸಿಮೆಂಟಿನ ಚೀಲ ಬಿಚ್ಚಿ ಅಡಿಗೆ ಸುರಿದೆ. ಚಕ್ರ ತಿರುಗಿತು, ಹಿಮ ಕರಗಿತು, ಸಿಮೆಂಟು ಕಲಸಿಕೊಂಡಿತು. ಇಪ್ಪತ್ತು ವರ್ಷದ ಅನುಭವದಲ್ಲಿ ಹೇಳುತ್ತೇನೆ, ಅಷ್ಟು ಹದವಾದ ಗಾರೆ ನಾನು ಯಾವ ಮನೆಯಲ್ಲೂ ಕಲಸಿರಲಿಲ್ಲ! ವ್ಯಾನು ಅದರಲ್ಲಿ ಇನ್ನಷ್ಟು ಚೆನ್ನಾಗಿ ಕೂತಿತು.

ಫೋನು ತೆಗೆದೆ. ಜೇಬಿಗೆ ಹಾಕಿದೆ. ಮತ್ತೆ ತೆಗೆದೆ.

"ಭಾವ."

"ಎಂತದು?"

"ನಿಮ್ಮ ಟ್ರಕ್ಕು... ಎಳೀತದಲ್ವಾ?"

ಆ ಕಡೆ ಹಲ್ಲು ಉಜ್ಜುವ ಮಿಶಿನಿನ ಸದ್ದು ನಿಂತಿತು. "ಎಲ್ಲಿದ್ದಿ?" ಎಂದರು. ಅಷ್ಟೇ.

ಮುಕ್ಕಾಲು ಗಂಟೆಯಲ್ಲಿ ಬಂದರು. ಲ್ಯಾಬಿನ ಬಿಳಿ ಏಪ್ರನ್ನು ಮೈಮೇಲೇ ಇತ್ತು, ಹಣೆಯ ಮೇಲೆ ಭೂತಕನ್ನಡಿ. ಎಳೆಯುವ ಪಟ್ಟಿ ಹೊರತೆಗೆದರು. ಏಳು ವರ್ಷದ ಹಿಂದೆ ಕೊಂಡದ್ದು, ಇನ್ನೂ ಪ್ಲಾಸ್ಟಿಕ್ಕಿನ ಕವರಿನೊಳಗೇ ಇತ್ತು. ನಾನು ಓಡಿಹೋಗಿ ಗುಂಡಿನ ಮೇಲಿನ ಗೆರಟೆ ತೆಗೆದೆ.

"ಹಾಕು, ಹಾಕು ಅದನ್ನು!" ಎಂದು ಕೂಗಿದರು. "ಗುಂಡಿಗೆ ಪಟ್ಟಿ ಕಟ್ಟಲಿಕ್ಕುಂಟಾ? ಅದು ಕಿತ್ತು ಬಂದರೆ ನಿನ್ನ ಹಲ್ಲೆಲ್ಲ ಹೋಗ್ತದೆ. ಮತ್ತೆ ಸೆಟ್ಟು ನಾನೇ ಮಾಡಬೇಕು!"

ಗುಂಡನ್ನೇ ಅದರ ಕೊಳವೆಯಿಂದ ಕಳಚಿ, ಬೇರೊಂದು ದಪ್ಪ ಕೊಂಡಿ ಸಿಕ್ಕಿಸಿ, ಪಟ್ಟಿ ಬಿಗಿದರು. ನನ್ನನ್ನು ವ್ಯಾನಿನಲ್ಲಿ ಕೂರಿಸಿದರು. ಟ್ರಕ್ಕು ಒಮ್ಮೆ ಗುರುಗುಟ್ಟಿತು. ಪಟ್ಟಿ ತಂತಿಯಂತೆ ಬಿಗಿಯಿತು. ಚಾಸಿ ಎಲ್ಲಿ ಎರಡು ತುಂಡಾಗುವುದೋ ಎಂದು ನಾನು ಕಣ್ಣು ಮುಚ್ಚಿದೆ. ಕಣ್ಣು ಬಿಡುವಾಗ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ, ನಾನು ರಸ್ತೆಯ ಮೇಲಿದ್ದೆ.

ಈಗ ಭಾಷಣ ಶುರುವಾಗುತ್ತದೆ ಎಂದು ತಯಾರಾಗಿ ಇಳಿದೆ. ಏಳು ವರ್ಷದ ಬಾಕಿ ಭಾಷಣ! ಕೇಳದೆ ಉಪಾಯವಿಲ್ಲ. ಭಾವ ಪಟ್ಟಿಯ ಕೆಸರು ಒರೆಸಿ, ಮಡಚಿ, ಮತ್ತೆ ಅದೇ ಕವರಿಗೆ ತುಂಬಿಸಿದರು. ಗುಂಡು ಸಿಕ್ಕಿಸಿದರು, ಗೆರಟೆ ಹಾಕಿದರು. ನನ್ನ ಮುಖ ನೋಡಿ, "ಊಟ ಆಯ್ತಾ?" ಎಂದರು. ಟ್ರಕ್ಕು ಹತ್ತಿ ಹೊರಟೇಬಿಟ್ಟರು.

ಮೇ ತಿಂಗಳಲ್ಲಿ ಟ್ರಕ್ಕು ಗುಜರಿಗೆ ಹೋಯಿತು. ಪಾಜಿ ಬೇಲಿಯ ಆಚೆ ಪಗಡಿ ಸರಿ ಮಾಡಿಕೊಂಡು ನೆಟ್ಟಗೆ ನಿಂತಿದ್ದ. ಗೆರಟೆ ಈಗ ಅಕ್ಕನ ಅಡುಗೆಮನೆಯಲ್ಲಿ ಉಪ್ಪು ಹಾಕಿಡುವ ಪಾತ್ರೆ.

ಮೊನ್ನೆ ಅಲ್ಲಿಗೆ ಹೋದಾಗ ಅಕ್ಕನ ಮಗಳು ಫೋನು ಹಿಡಿದುಕೊಂಡು ನಗುತ್ತಾ ಬಂದಳು. "ಮಾಮ, ಡ್ಯಾಡ್ ಫೈನಲೀ ಆ ರಿವ್ಯೂ ಫಿನಿಶ್ ಮಾಡಿದ್ರು. ಯು ಹ್ಯಾವ್ ಟು ಹಿಯರ್ ದಿಸ್!"

ಎಳೆಯುವ ಶಕ್ತಿ: ಐದು ನಕ್ಷತ್ರ. ಕೆಳಗೆ ಭಾವ ಇಂಗ್ಲಿಷಿನಲ್ಲಿ ಬರೆದಿದ್ದನ್ನು ಅವಳು ಓದಿ ಹೇಳಿದಳು.

"ಎಳೆದದ್ದು: ಹೆಂಡತಿಯ ತಮ್ಮ. ಭಾರ: ವಿಪರೀತ. ಅಲುಗಲು ಏಳು ವರ್ಷ ಹಿಡಿಯಿತು. ಟ್ರಕ್ಕು ಕೊಂಡ ಕಾರಣ: ಅದೇ."

"ಸೋ ಫನ್ನಿ, ನೋ?" ಎಂದಳು.

ನಾನು ಫೋನು ಇಸಿದುಕೊಂಡು ಇನ್ನೊಮ್ಮೆ ಓದಿದೆ. ಅಷ್ಟು ಇಂಗ್ಲಿಷು ನನಗೂ ಬರುತ್ತದೆ. ಕೊನೆಯ ಸಾಲು ಮಾತ್ರ ಸ್ವಲ್ಪ ಮಸುಕಾಗಿ ಕಂಡಿತು.

ಭಾವ ಹಿಂದಿನ ಅಂಗಳದಲ್ಲಿ ಕುರ್ಚಿ ಹಾಕಿ ಕುಳಿತಿದ್ದರು. ಹೋಗಿ ಪಕ್ಕದಲ್ಲಿ ನಿಂತೆ.

"ಭಾವ, ಶನಿವಾರ ನಮ್ಮ ಮನೆಗೆ ಒಂದು ಸೋಫಾ ತರಲಿಕ್ಕುಂಟು. ಬರ್ತೀರಾ?"

"ಟ್ರಕ್ಕು ಎಲ್ಲುಂಟು ಮಾರಾಯ ಈಗ?"

"ಟ್ರಕ್ಕು ಬೇಡ. ನೀವು ಒಂದು ಬದಿ ಹಿಡಿದರೆ ಸಾಕು."

ಭಾವ ಹಣೆಯ ಮೇಲೆ ಇಲ್ಲದ ಭೂತಕನ್ನಡಿಯನ್ನು ಸರಿಮಾಡಿಕೊಂಡು ಕೇಳಿದರು:

"ಸೋಫಾ ಎಷ್ಟು ಪೌಂಡು ಉಂಟು?"