ತಪ್ಪಿದ ಕುಂಡ

ಮಧುಕರನ ಗ್ರಹಚಾರ ಕೆಟ್ಟದ್ದು ಮನೆಗೊಂದು ಅಡುಗೆ ತಂದು ಹಂಚಿ ಉಣ್ಣುವ ಒಂದು ಪಾಟ್‌ಲಕ್ಕಿನಲ್ಲಿ. ಅವರೆಲ್ಲ ವಲಸೆ ಬಂದು ನೆಲೆಸಿದ ದೇಶದ ಅಧ್ಯಕ್ಷ ಚುನಾವಣೆಯಲ್ಲಿ ಒಬ್ಬ ಅಭ್ಯರ್ಥಿಗೆ ಗುರಿಯಿಟ್ಟ ಗುಂಡು ತಪ್ಪಿದ್ದರಿಂದ ಎಷ್ಟು ವೋಟು ಅತ್ತಿತ್ತ ಆಗಿರಬಹುದೆಂದು ಗಂಡಸರೆಲ್ಲ ಬಿಸಿಬೇಳೆಬಾತಿನ ತಟ್ಟೆ ಹಿಡಿದು ವಾದಿಸುತ್ತಿದ್ದರು. ಮಧುಕರನ ಗೆಳೆಯ ಜಗನ್ ತೀರ್ಪು ಕೊಟ್ಟೇಬಿಟ್ಟ.

"ಗುಂಡು ತಗಲಿದ್ರೆ ಫೋಟೋಗೆ ಹಾರ, ತಪ್ಪಿದ್ರೆ ಕೊರಳಿಗೆ ಹಾರ. ಸಿಂಪಲ್ ಲಾಜಿಕ್ಕು."

ಮಾತು ಮಧುಕರನ ಎದೆಗೆ ನಾಟಿತು. ಮಾರನೆಯ ದಿನವೇ ಅವರ ಕನ್ನಡ ಬಳಗದ ಅಧ್ಯಕ್ಷ ಚುನಾವಣೆ. ಎದುರಾಳಿ ವಸುಧಾ ಹಲ್ಲಿನ ಡಾಕ್ಟರು. ಬಳಗದ ಅರ್ಧ ಜನ ಅವರ ಮುಂದೆ ಬಾಯಿ ತೆರೆದು ಮಲಗಿದವರು. ಮಧುಕರ ಆಗಲೇ ಎರಡು ಸಲ ಸೋತಿದ್ದ. ಈ ಸಲವಂತೂ ಗೆಲ್ಲಲೇಬೇಕಿತ್ತು, ಏಕೆಂದರೆ ಹಾಸನದಲ್ಲಿ ಅವನ ತಾಯಿ ಮಗ ಗೆದ್ದಾಯಿತೆಂದು ಬೀದಿಗೆಲ್ಲ ಸಿಹಿ ಹಂಚಿ ಮುಗಿಸಿದ್ದರು.

ಇಬ್ಬರೂ ಕೂತು ಉಪಾಯ ಹೂಡಿದರು. ಬೆರ್ರಿಯೆಸಾ ಬಡಾವಣೆಯಲ್ಲಿ ಬಳಗ ಬಾಡಿಗೆಗೆ ಹಿಡಿದ ಹಳೆಯ ಸಭಾಂಗಣದಲ್ಲಿ, ವೇದಿಕೆಯ ನೆತ್ತಿಗೆ ಸರಿಯಾಗಿ ಒಂದು ಬಾಲ್ಕನಿ ಇದೆ. ಜಗನ್ ಅಲ್ಲಿಂದ ಮಣ್ಣಿನ ಬಣ್ಣ ಬಳಿದ ಥರ್ಮೋಕೋಲ್ ಕುಂಡವನ್ನು ಬೀಳಿಸಬೇಕು, ಮಧುಕರ ಕೊನೆಯ ಗಳಿಗೆಯಲ್ಲಿ ಹಾರಿ ಪಾರಾಗಬೇಕು. ಯಾರದೋ ಕೊಲೆ ಪ್ರಯತ್ನವೆಂದು ಜನ ಮರುಗಿ ವೋಟು ಹಾಕುತ್ತಾರೆ.

ಸಭೆಯ ದಿನ ಹೊರಗೆ ಬಿಸಿಲಿದ್ದರೂ ಒಳಗೆ ವಿಚಿತ್ರ ತಂಪು. ಮಧುಕರ ಭಾಷಣ ಶುರುಮಾಡಿದ. ಮೇಲೆ ಕತ್ತಲಲ್ಲಿ ಏನೋ ಸರಿದಾಡಿತು. ಬಾಲ್ಕನಿಯ ಅಂಚಿಗೆ ಒಂದು ಕುಂಡ ಮೆಲ್ಲಗೆ, ಯಾರೋ ಒಂದೇ ಬೆರಳಿನಲ್ಲಿ ನೂಕಿದ ಹಾಗೆ, ಜರುಗಿ ಬಂತು. ಜಗನ್ ಬಂದನಲ್ಲ ಎಂದು ಅವನಿಗೆ ಸಮಾಧಾನವಾಯಿತು. ಥರ್ಮೋಕೋಲ್ ತಾನೇ, ಅವಸರವೇನಿದೆ ಎಂದು ನಗುತ್ತಲೇ ಮಾತು ಮುಂದುವರಿಸಿದ.

ಕುಂಡ ಜಾರಿತು. ಪಕ್ಕದಲ್ಲಿದ್ದ ವಸುಧಾ ಅವನ ಕಾಲರಿಗೆ ಕೈಹಾಕಿ ದರದರನೆ ಎಳೆದರು. ಅವನು ನಿಂತಿದ್ದ ಕಡೆ ವೇದಿಕೆಯ ಹಲಗೆ ಸೀಳಿತು, ಮಣ್ಣು ಅವನ ಮುಖಕ್ಕೆ ರಾಚಿತು. ಥರ್ಮೋಕೋಲಿಗೆ ಇಷ್ಟು ಭಾರ ಎಲ್ಲಿಂದ ಬಂತೆಂದು ಅವನು ಯೋಚಿಸುವಷ್ಟರಲ್ಲಿ ಜೇಬಿನ ಫೋನು ನಡುಗಿತು. ಜಗನ್ ಮೆಸೇಜು ಕಳಿಸಿದ್ದ.

"ಸಾರಿ ಮಗಾ, ಫ್ರೀವೇ ಟ್ರಾಫಿಕ್ಕಲ್ಲಿ ಸಿಕ್ಕಾಕೊಂಡಿದೀನಿ. ಕುಂಡ ಕಾರಲ್ಲೇ ಇದೆ. ಭಾಷಣ ಸ್ವಲ್ಪ ಎಳಿ."

ಮೇಲೆ ಯಾರಿದ್ದಾರೆಂದು ಮಧುಕರ ಬಾಲ್ಕನಿಯತ್ತ ಬೆರಳು ತೋರಿಸಿ ಕೂಗಿದ. ಸಭಾಂಗಣದ ಕಾವಲುಗಾರ ಬಂದು, ಬಾಲ್ಕನಿಗೆ ಹೋಗುವ ಮೆಟ್ಟಿಲಿಗೆ ಗೋಡೆ ಕಟ್ಟಿ ಎಷ್ಟೋ ವರ್ಷವಾಯಿತು, ಮೇಲೆ ನರಪಿಳ್ಳೆಯೂ ಹೋಗುವಂತಿಲ್ಲ ಎಂದ. ಆದರೆ ಒಡೆದ ಕುಂಡದ ಮಣ್ಣು ಹಸಿಯಾಗಿತ್ತು. ಅದರಲ್ಲಿದ್ದ ಮಲ್ಲಿಗೆ ಬಳ್ಳಿ ಮೊಗ್ಗು ಬಿಟ್ಟಿತ್ತು.

ಅವನ ಭಯ ಯಾರಿಗೂ ಬೇಕಿರಲಿಲ್ಲ. ಎಲ್ಲರೂ ವಸುಧಾರನ್ನು ಮುತ್ತಿಕೊಂಡು ಫೋಟೋ ತೆಗೆಯುತ್ತಿದ್ದರು. ಕೈಯೆತ್ತಿ ಮತ ಹಾಕುವ ಹೊತ್ತಿಗೆ ಇಡೀ ಸಭೆ ಅವರ ಕಡೆಗಿತ್ತು, ಮಧುಕರನ ಹೆಂಡತಿ ಸಿಂಧುವೂ ಸೇರಿ. ಅವನು ಪೆಚ್ಚಾಗಿ ನೋಡಿದ್ದಕ್ಕೆ ಅವಳು ಪಿಸುಗುಟ್ಟಿದಳು: "ನನ್ನ ತಾಳಿ ಉಳಿಸಿದೋರಿಗೆ ಹಾಕ್ದೆ ನಿಮಗೆ ಹಾಕ್ಲಾ? ನೀವೂ ಕೈಯೆತ್ತಿ, ನೋಡ್ತಿದಾರೆ." ಜೀವ ಉಳಿದ ಕೃತಜ್ಞತೆ, ನಾಚಿಕೆ ಎರಡೂ ಸೇರಿ ಮಧುಕರ ಕೈಯೆತ್ತಿದ.

ಅಷ್ಟಕ್ಕೇ ಮುಗಿಯಲಿಲ್ಲ. ಬಳಗದ ಹಿರಿಯರಾದ ಮಂಡ್ಯದ ವೆಂಕಟಮ್ಮ ಅವನಿಗೆ ನಿಂಬೆಹಣ್ಣು ನಿವಾಳಿಸಿ, "ಕಂಟ್ಕ ಕಳದ ಜಾಗ ಬುಡಬಾರ್ದು ಕಣಪ್ಪ, ಅಲ್ಲೇ ಕೂತ್ರೆ ಒಳ್ಳೇದಾಯ್ತದೆ" ಎಂದರು. ಹೊಸ ಅಧ್ಯಕ್ಷೆ ಅಲ್ಲೇ ಘೋಷಿಸಿಬಿಟ್ಟರು: ಇನ್ನು ವರ್ಷವಿಡೀ ಸಭೆಗಳೆಲ್ಲ ಇದೇ ಸಭಾಂಗಣದಲ್ಲಿ, ಮಧುಕರ ಅವರಿಗೆ ವೇದಿಕೆಯ ಮೇಲೆ ಅದೇ ಜಾಗದಲ್ಲಿ ಖಾಯಂ ಕುರ್ಚಿ.

ಚಪ್ಪಾಳೆ ಬಿತ್ತು. ಯಾರೋ ಕುರ್ಚಿ ತಂದಿಟ್ಟರು, ಯಾರೋ ಹೆಗಲು ಅದುಮಿ ಕೂರಿಸಿದರು. ಅವನು ಮೇಲೆ ನೋಡಬಾರದೆಂದು ಕಣ್ಣು ಮುಚ್ಚಿಕೊಂಡ.

ಬೋಳುತಲೆಯ ಮೇಲೆ ತಣ್ಣಗೆ ಒಂದು ಹನಿ ಬಿತ್ತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಮೇಲೆ ಯಾರೋ ಉಳಿದ ಕುಂಡಗಳಿಗೆ ನೀರು ಹಾಕುತ್ತಿದ್ದರು.